ಊರು ಕಟ್ಟಿದ ವಂಶ

ಸಿಂಗಪ್ಪಗೌಡ ಊರು ಕಟ್ಟಿದ ಅಂತಾರೆ. ಯಾವ ಕೈಲಿ ಕಟ್ಟಿದ ಅಂತ ಕೇಳಿದರೆ ಯಾರೂ ಹೇಳಲ್ಲ. ಒಂದು ಕೈಲಿ ಕುದುರೆ ಲಗಾಮು, ಇನ್ನೊಂದು ಕೈಲಿ ಕತ್ತಿ. ಪುಸ್ತಕದಲ್ಲಿ ಹಂಗೇ ಬರೆದವರೆ. ಪ್ರತಿಮೆನೂ ಹಂಗೇ ಮಾಡಿಸವರೆ. ಎರಡು ಕೈನೂ ತುಂಬಿದ್ದ ಮೇಲೆ ಕಲ್ಲು ಯಾರು ಹೊತ್ತರು? ಮಣ್ಣು ಯಾರು ತುಳಿದರು?

ನಮ್ಮೂರು ಸಿಂಗನಗಡಿ. ಹಿರಿಯೂರಿಂದ ಮೂಡಲಕ್ಕೆ ಬಸ್ಸು ಹತ್ತಿದರೆ ಕೊನೇ ಸ್ಟಾಪು. ಆಚೆ ಜಾಲಿ ಕಾಡು ದಾಟಿದರೆ ಆಂಧ್ರ. ಮೊದಲು ಹಳ್ಳಿಯಾಗಿತ್ತು, ಈಗ ಪ್ಯಾಟೆ. ಪೆಟ್ರೋಲ್ ಬಂಕು ಗೌಡರದು. ಎರಡು ಬಾರೂ ಗೌಡರವು. ಕಲ್ಲು ಕ್ರಷರ್ ಗೌಡರದು. ಬ್ಯಾಂಕ್ ಮಾತ್ರ ಸರ್ಕಾರದ್ದು, ಅದರ ಬಿಲ್ಡಿಂಗು ಗೌಡರದು. ಈಗಿನ ಗೌಡನ ಹೆಸರು ಮೂಡಲಗಿರಿಯಪ್ಪ. ಸಿಂಗಪ್ಪಗೌಡನ ವಂಶದ ಕುಡಿ. ಕುಡಿ ಅಂದರೆ ನೂರಿಪ್ಪತ್ತು ಕೆಜಿ ಐತೆ.

ಈ ಕುಡಿಗೆ ಹೋದ ವರ್ಷ ವಂಶದ ಚರಿತ್ರೆ ಬರೆಸೋ ಹುಚ್ಚು ಹತ್ತಿತು. ರಿಟೈರ್ ಆದ ಗೋವಿಂದಯ್ಯ ಮೇಷ್ಟ್ರು ಬರೆದರು. ಗಟ್ಟಿ ರಟ್ಟು, ಬಂಗಾರದ ಅಕ್ಷರ. ಅದರಲ್ಲಿ ಸಿಂಗಪ್ಪಗೌಡ ಬಡಗಣ ಸೀಮೆಯಿಂದ ಬರ್ತಾನೆ. ಇಲ್ಲಿ ಒಂದು ಮೊಲ ಅವನ ಬೇಟೆನಾಯಿಯನ್ನ ಅಟ್ಟಾಡಿಸುತ್ತೆ. ಇದು ಗಂಡುಮೆಟ್ಟಿದ ನೆಲ ಅಂತ ಗೌಡ ಅಲ್ಲೇ ಊರು ಕಟ್ಟುತಾನೆ. ನಾನು ಸೆಂಟ್ರಿಂಗ್ ಕೆಲಸಕ್ಕೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಎಲ್ಲ ಕಡೆ ತಿರುಗಿದೀನಿ. ಹೋದ ಊರಲ್ಲೆಲ್ಲ ಇದೇ ಕಥೆ. ಎಲ್ಲ ಊರಲ್ಲೂ ಮೊಲ ನಾಯಿ ಅಟ್ಟೈತೆ. ಈ ಗೌಡರುಗಳು ಎಂಥ ನಾಯಿ ಸಾಕಿದ್ದರೋ, ಮೊಲ ಕಂಡರೆ ಉಚ್ಚೆ ಹೊಯ್ಯೋವು.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಡಿಸಿದ್ದು ಇದೇ ಗೋವಿಂದಯ್ಯ ಮೇಷ್ಟ್ರು. ನಮ್ಮೂರು ಕಟ್ಟಿದವರು ಯಾರು ಅಂತ ಕೇಳಿದರು. ನಾನು ಎದ್ದು ನಿಂತು ನಮ್ಮ ತಾತ ಹೇಳಿದ್ದು ಹೇಳಿದೆ. ಕಪಾಳಕ್ಕೆ ಬಿತ್ತು. ಅಷ್ಟಾದರೆ ತಡಕೊಳ್ತಿದ್ದೆ. ಮಾರನೇ ದಿನದಿಂದ ಹಾಜರಿ ಕೂಗುವಾಗ ನನ್ನ ಹೆಸರು ಬಿಟ್ಟು, "ಏನಪ್ಪ, ಊರು ಕಟ್ಟಿದೋನು ಬಂದವ್ನಾ?" ಅಂತ ಕೇಳೋರು. ಕ್ಲಾಸೆಲ್ಲ ನಗೋದು. ಒಂದು ದಿನ ಬ್ಯಾಗು ಮನೇಲಿಟ್ಟು ಅಪ್ಪನ ಜೊತೆ ಕ್ರಷರಿಗೆ ಹೋದೆ.

ತಾತ ಹೇಳಿದ್ದು ಇಷ್ಟು. ಎರಡು ಪಾಳೆಪಟ್ಟಿನೋರಿಗೆ ಗಡಿ ಜಗಳ. ಆಗಿನ ಕಾಲಕ್ಕೆ ಗಡಿ ತೀರ್ಮಾನ ಮಾಡೋ ಪದ್ಧತಿ ಒಂದಿತ್ತು. ಕೆರೆಯ ಹಸಿ ಮಣ್ಣು ತಲೆ ಮೇಲೆ ಹೊರಬೇಕು. ಹೆಗಲ ಮೇಲೆ ಹಸಿ ತೊಗಲು ಹಾಕ್ಕೋಬೇಕು. ನಡೀಬೇಕು. ಮಣ್ಣಿನ ನೀರು ತೊಟ್ಟಿಕ್ಕಿದ ಗೆರೆಯೇ ಗಡಿ. ಆ ಗೆರೆ ದಾಟಿ ನೆಲ ಕಿತ್ತುಕೊಂಡವನ ವಂಶ ನಿರ್ವಂಶ. ಹೊತ್ತೋನು ಸುಳ್ಳು ನಡೆದರೆ ಮೂರು ತಿಂಗಳಲ್ಲಿ ಅವನಿಗೆ ಸಾವು. ಸಿಂಗಪ್ಪಗೌಡ ಈ ಕಡೆಯವರ ಪರವಾಗಿ ಬಂದಿದ್ದ. ಅವನು ಹೊರಬೇಕಿತ್ತು. ಹೆದರಿದ. ನಮ್ಮ ಕೇರಿಯ, ನಮ್ಮ ಮನೆತನದ ಕರಿಯ ಅನ್ನೋನ್ನ ಹಿಡಿದು ತಂದು, "ನಿಮಗೇನಾಗುತ್ತೆ, ಹೊರೋ" ಅಂದ. ಕರಿಯ ಹೊತ್ತ. ಗೌಡ ಹಿಂದೆ ಕುದುರೆ ಮೇಲೆ ಬಂದ. ಮಣ್ಣಿನ ಮಂಕ್ರಿ ಇಳಿಸಿದ ಜಾಗ ನಿನ್ನ ಕುಲಕ್ಕೆ ಅಂತ ಮಾತು ಕೊಟ್ಟಿದ್ದ. ಕರಿಯ ಮೂರು ತಿಂಗಳಿಗೆ ಸತ್ತನಂತೆ. ಶಾಪಕ್ಕೆ ಸತ್ತ ಅಂತಾರೆ ಗೌಡರ ಮನೆಯೋರು. ಹೊಟ್ಟೆಗಿಲ್ಲದೆ ಸತ್ತ ಅಂತಿದ್ದ ತಾತ. ಮಂಕ್ರಿ ಇಳಿಸಿದ ಜಾಗದಲ್ಲೇ ಹೂಳಿದರು. ಅದೇ ಇವತ್ತಿಗೂ ನಮ್ಮ ಕೇರಿಯ ಸುಡುಗಾಡು. ಮಾದಿಗರಿಗೆ ಈ ಊರಲ್ಲಿ ಇರೋ ಆಸ್ತಿ ಅದೊಂದೇ. ಅದಕ್ಕೂ ಸಾಯಬೇಕು.

ನಮ್ಮಪ್ಪ ಸತ್ತು ಒಂದು ವರ್ಷ ತುಂಬಿಲ್ಲ. ಗೌಡರ ಕ್ರಷರಿನ ಧೂಳು ಕುಡಿದು ಕುಡಿದು ಕೆಮ್ಮಿ ಸತ್ತ. ಕೊನೆಗೆ ಉಗುಳಿದ್ದೂ ಸಿಮೆಂಟ್ ಬಣ್ಣಕ್ಕಿತ್ತು. ಆ ಸುಡುಗಾಡಿನ ಬಡಗಣ ಅಂಚಿಗೆ ಅವನ ಗುಂಡಿ. ಅವ್ವ ತಲೆ ಹತ್ರ ಎರಡು ಕಲ್ಲು ನಿಲ್ಲಿಸಿದಾಳೆ.

ಪಕ್ಕದಲ್ಲೇ ಗೌಡರು ಕಟ್ಟಿಸಿದ ಸಿಂಗಪ್ಪಗೌಡನ ಸ್ಮಾರಕ. ಅದರ ಕಟ್ಟೆಗೆ ಕಾಂಕ್ರೀಟ್ ಹಾಕಿದೋನು ನಾನೇ. ಕಂಬಿ ಕಟ್ಟಿ ಬೆರಳೆಲ್ಲ ಹರಿದಿದ್ದವು. ಕಟ್ಟೆ ಎದ್ದಮೇಲೆ ಗೌಡರಿಗೆ ಕಂಡಿತು, ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಂತ.

ಒಂದು ದಿನ ಗೌಡರ ಮನೆಯಿಂದ ಕರೆ ಬಂತು. ನಾನೂ ನಮ್ಮ ದೊಡ್ಡಪ್ಪ ಯತ್ತಪ್ಪನೂ ಹೋದ್ವಿ. ಗೌಡರು, ಅವರ ಅಳಿಯ, ಮೇಷ್ಟ್ರು ಪಡಸಾಲೆ ಮೇಲೆ, ನಾವು ಅಂಗಳದಲ್ಲಿ. ಚಹಾ ಬಂತು. ಪೇಪರ್ ಕಪ್ಪು. ಕಾಲ ಬದಲಾಯ್ತು, ಎಲ್ಲರಿಗೂ ಪೇಪರ್ ಕಪ್ಪೇ ಅಂದುಕೊಂಡೆ. ಅವರಿಗೆ ಸ್ಟೀಲ್ ಲೋಟ ಬಂತು.

"ಯತ್ತಪ್ಪ, ಸ್ಮಾರಕದ ಉದ್ಘಾಟನೆ ದಿನ ಹಳೇ ಪದ್ಧತಿ ಪ್ರಕಾರ ಮಣ್ಣು ಹೊರಿಸಿ, ಹಿಂದೆ ನಾನು ಕುದುರೆ ಮೇಲೆ ಬರೋ ಹಂಗೆ ಗಡಿ ಮೆರವಣಿಗೆ ಮಾಡ್ತೀವಿ" ಅಂದರು ಗೌಡರು. "ಹೊರೋದು ನಿಮ್ಮ ಮನೆತನದ್ದು ಕಣಯ್ಯ. ನಿಮಗೂ ಒಂದು ಮರ್ಯಾದೆ ಸಿಗ್ಲಿ ಅಂತ."

"ನನ್ ಮಂಡಿ ಹೋಗೈತಲ್ಲ ಗೌಡ್ರೆ. ನಾಕು ಹೆಜ್ಜೆ ಇಡಾಕಾಗಲ್ಲ."

"ನಿನ್ನ ಯಾರು ಕೇಳಿದ್ರು? ನಿನ್ ತಮ್ಮನ ಮಗ ಇದಾನಲ್ಲ ತಿಪ್ಪೇಶ. ಮೈ ನೋಡು ಹೆಂಗೈತೆ. ವಿಡಿಯೋದಾಗೆ ಚೆನ್ನಾಗಿ ಕಾಣ್ತಾನೆ."

ಗೌಡರ ಅಳಿಯ ಮಾರುತೇಶ್ ಮೊಬೈಲಿಂದ ತಲೆ ಎತ್ತಿ ನನ್ನ ನೋಡಿದ. ಎತ್ತು ನೋಡೋ ಹಂಗೆ. ಭೀಮಸಮುದ್ರದ ಅಡಿಕೆ ಮಂಡಿ ಮನೆಯೋನು. "ಅಂಗಿ ಇರಬಾರದು ಮಾಮ. ಚಪ್ಪಲಿನೂ ಬ್ಯಾಡ. ತಲೆ ಮೇಲೆ ಸಿಂಬೆನೂ ಬ್ಯಾಡ. ಒರಿಜಿನಲ್ ಆಗಿರ್ಬೇಕು."

"ಹೆಗಲ ಮೇಲೆ ಹಸಿ ತೊಗಲು" ಅಂದರು ಗೋವಿಂದಯ್ಯ ಮೇಷ್ಟ್ರು. "ಪುಸ್ತಕದಲ್ಲಿ ಬರ್ದೀನಿ."

"ಪುಸ್ತಕದಾಗೆ ಹೊತ್ತೋನ ಹೆಸರೈತೇನ್ರಿ ಸಾ?" ಅಂದೆ.

"ಆಳು ಅಂತ ಐತೆ."

"ಕುದುರೆ ಹೆಸರು?"

ಮೇಷ್ಟ್ರು ಲೋಟದೊಳಗೆ ನೋಡಿದರು. ಕುದುರೆಗೆ ಹೆಸರೈತೆ. ನೀಲಕಂಠಿ. ಅದರ ಮೇಲೆ ಒಂದು ಇಡೀ ಪುಟ ಐತೆ.

"ನಾನು ಹೊರಲ್ಲ" ಅಂದೆ.

ಗೌಡರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು. ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು ಹೇಳಿದರು. "ಹೊರಬ್ಯಾಡ ಬಿಡು. ಹಂಗಾದ್ರೆ ಅಗಿ. ಆ ಸುಡುಗಾಡು ನಮ್ಮ ಸರ್ವೆ ನಂಬರಿನಾಗೆ ಬರ್ತೈತೆ. ಪಾರ್ಕಿಂಗಿಗೆ ಬೇಕು. ಹೆದ್ದಾರಿ ಹತ್ರ ಹಳೇ ಕ್ವಾರಿ ಗುಂಡಿ ಐತಲ್ಲ, ಅಲ್ಲಿಗೆ ಸಾಗ್ಸಿ ನಿಮ್ಮೋರನ್ನ. ನಾವು ತೆಗ್ಸಿದ್ರೆ ನಿಮ್ಮಪ್ಪ ಜೆಸಿಬಿ ಬಕೆಟ್ನಾಗೆ ಬರ್ತಾನೆ. ನೀನೇ ಅಗ್ದು ತಗಂಡೋದ್ರೆ ಮೂಟೆನಾಗೆ ಹೋಗ್ತಾನೆ. ನೋಡು, ಯಾವ್ದು ಮರ್ಯಾದೆ."

ದೊಡ್ಡಪ್ಪ ಕೈ ಮುಗಿದ. "ಹೊರ್ತಾನೆ ಗೌಡ್ರೆ, ಹೊರ್ತಾನೆ. ಹುಡುಗ, ತಿಳಿಯಲ್ಲ."

"ಹೊತ್ರೆ ಒಂದ್ ಮೂಲೆ ಬಿಟ್ಕೊಡಾಣ. ನೋಡಾಣ."

ಅವರ ನೋಡಾಣ ನನಗೆ ಗೊತ್ತು. ಅಪ್ಪನ ಆಸ್ಪತ್ರೆ ಖರ್ಚಿಗೂ ನೋಡಾಣ ಅಂದಿದ್ದರು.

ಮನೆಗೆ ಬಂದು ಕೂಗಾಡಿದೆ. ಅವ್ವ ಗಂಗಕ್ಕ ಒಲೆ ಮುಂದೆ ಕೂತು ಎಲ್ಲ ಕೇಳಿದಳು. "ನಿನ್ ಸಿಟ್ಟು ಯಾವ ಒಲೆಗಾಕಿದ್ರೆ ಉರಿಯುತ್ತೆ ಹೇಳು, ಒಂದ್ ಹೊತ್ತಿನ ಮುದ್ದೆ ಆದ್ರೂ ತಿರುವಿ ಹಾಕ್ತೀನಿ" ಅಂದಳು.

"ಅಂಗಿ ಬಿಚ್ಚಿ ಅವರ ಕುದುರೆ ಮುಂದೆ ಹೋಗ್ಲಾ? ಹೇಳವ್ವ, ಹೋಗ್ಲಾ?"

"ನಿಮ್ಮಪ್ಪನ್ನ ಒಂದ್ ಸಲ ಮಣ್ಣಿಗಿಟ್ಟೀನಿ. ಇನ್ನೊಂದ್ ಸಲ ಎತ್ತಿ ನೋಡಾಕೆ ನನ್ ಕೈಲಾಗಲ್ಲ ಕಣೋ. ಹೊತ್ಬಿಡು."

ಅದಕ್ಕೆ ಹೊತ್ತೆ. ಬೇರೆ ಯಾವುದಕ್ಕೂ ಅಲ್ಲ.

ಆ ದಿನ ಬೆಳಿಗ್ಗೆ ಊರೇ ಸ್ಮಾರಕದ ಹತ್ರ ನೆರೆದಿತ್ತು. ಹೊಳಲ್ಕೆರೆ, ಹೊಸದುರ್ಗ ಕಡೆಯಿಂದ ಗೌಡರ ನೆಂಟರ ಕಾರು ಬಂದಿದ್ದವು. ಹಿರಿಯೂರಿನ ಮದುವೆ ಬ್ಯಾಂಡಿನವರ ಬಿಳೀ ಕುದುರೆ ಬಾಡಿಗೆಗೆ ತಂದಿದ್ದರು. ಅದರ ಮೇಲೆ ಗೌಡರು, ಜರಿ ಪೇಟ, ಸೊಂಟಕ್ಕೆ ಕತ್ತಿ. ಕುದುರೆಗೆ ಮದುಮಗನ್ನ ಹೊತ್ತು ಅಭ್ಯಾಸ. ಈ ಭಾರಕ್ಕೆ ಅದರ ಹೊಟ್ಟೆ ಇಳಿಬಿದ್ದಿತ್ತು. ಹೂವು ಸುರಿಯೋಕೆ ಒಂದು ಜೆಸಿಬಿ ನಿಲ್ಲಿಸಿದ್ದರು, ಬಕೆಟ್ ತುಂಬ ಚೆಂಡುಹೂವು. ಓಡಿಸೋನು ನಮ್ಮ ಕೇರಿಯ ದುರ್ಗೇಶ್. ನನ್ನ ಬರಿಮೈ ನೋಡಿ ಮುಖ ಆಕಡೆ ತಿರುಗಿಸಿದ.

ಮಟನ್ ಅಂಗಡಿಯಿಂದ ಕುರಿ ತೊಗಲು ತಂದು ಹೆಗಲಿಗೆ ಹಾಕಿದರು. ಉಪ್ಪು, ರಕ್ತ, ನೊಣ. ಮಂಕ್ರಿ ಎತ್ತಿ ತಲೆಗಿಟ್ಟರು. ಕೆರೆ ಮಣ್ಣು ಕಲ್ಲಿಗಿಂತ ಭಾರ. ಕಲ್ಲು ಸುಮ್ಮನಿರುತ್ತೆ. ಮಣ್ಣು ಜಾರುತ್ತೆ, ಸೋರುತ್ತೆ, ಕಣ್ಣಿಗಿಳಿಯುತ್ತೆ.

ಮೇಷ್ಟ್ರು ಮೈಕು ಹಿಡಿದರು. "ಮಹಾಜನಗಳೇ, ಕೇಳಿರಿ. ಮಣ್ಣು ಹೊತ್ತವನು ನಡೆದದ್ದೇ ಗಡಿ. ಅವನು ಇಳಿಸಿದ್ದೇ ನೆಲೆ. ಆ ಗೆರೆಯನ್ನು ದಾಟಿ ನೆಲ ಕಬಳಿಸಿದವನ ವಂಶ ನಿರ್ವಂಶವಾಗಲಿ! ಇದು ಸಿಂಗಪ್ಪಗೌಡರ ಕಾಲದ ಆಣೆ. ಇವತ್ತಿಗೂ ಸುಳ್ಳಾಗಿಲ್ಲ!"

ಜನ ಕೈ ಮುಗಿದರು. ಗೌಡರ ತಾಯಿ ಚಂದ್ರಕ್ಕ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಳು. ಕುದುರೆ ಮೇಲಿನ ಗೌಡರೂ ಕಣ್ಣು ಮುಚ್ಚಿದರು. ಚಪ್ಪಾಳೆ ಬಿತ್ತು. ಆಣೆ ಅವರದೇ ಆದರೆ ಎಷ್ಟು ಭಕ್ತಿ.

ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಅದರ ಮೇಲೆ ನಡೀಬೇಕು. ನಡೆದೆ. ಮುಂದೆ ನಾನು, ಹಿಂದೆ ಬ್ಯಾಂಡು, ಅದರ ಹಿಂದೆ ಕುದುರೆ. ತಲೆ ಮೇಲೆ ಡ್ರೋನು ಗುಂಯ್‌ಗುಡ್ತಿತ್ತು.

"ಲೇ ತಿಪ್ಪೇಶ, ನಿಧಾನ! ಡ್ರೋನ್ ಬರ್ಲಿ" ಅಂದ ಮಾರುತೇಶ್.

ನಿಧಾನ ಮಾಡಿದೆ.

"ತಲೆ ಎತ್ತಬ್ಯಾಡ. ಬಗ್ಸು, ಬಗ್ಸು. ಹಳೇ ಕಾಲದೋರ ಹಂಗೆ."

ಬಗ್ಗಿಸಿದೆ. ನೀರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಮಂಕ್ರಿಯ ಬಿದಿರು ನೆತ್ತಿಗೆ ಕೊರೀತಿತ್ತು. ಯಾರೋ ಹೆಂಗಸು ನನ್ನ ಪಕ್ಕ ಬಂದು, ವಾಸನೆಗೆ ಸೆರಗು ಮೂಗಿಗೆ ಹಿಡಿದು ಸೆಲ್ಫಿ ತಗೊಂಡಳು.

"ಸರಿ ಬರ್ಲಿಲ್ಲ. ವಾಪಸ್ ಹೋಗು. ಅಲ್ಲಿಂದ ಇನ್ನೊಂದ್ ಸಲ ಬಾ."

ವಾಪಸ್ ಹೋದೆ. ಇನ್ನೊಂದು ಸಲ ಬಂದೆ. ಕತ್ತು ಮರಗಟ್ಟಿತ್ತು. ಕರಿಯನಿಗೂ ಇಷ್ಟು ಕಷ್ಟ ಇರಲಿಲ್ಲ. ಅವನ ಗೌಡನ ಹತ್ರ ಕ್ಯಾಮೆರಾ ಇರಲಿಲ್ಲ.

ಸ್ಮಾರಕ ಸುತ್ತಿ ಸುಡುಗಾಡಿನ ಅಂಚಿಗೆ ಬಂದೆ. ಅಲ್ಲಿ ಸುಣ್ಣದ ಗೆರೆ ಒಳಕ್ಕೆ ತಿರುಗಿತ್ತು. ಮೂಲೆ ಗೀಲೆ ಏನೂ ಬಿಟ್ಟಿರಲಿಲ್ಲ. ಅವರ ನೋಡಾಣ ಅಲ್ಲೇ ಕಂಡಿತು. ನನ್ನ ಹೆಜ್ಜೆಯಲ್ಲೇ ಇಡೀ ಸುಡುಗಾಡು ಸ್ಮಾರಕಕ್ಕೆ ಸೇರಿಸೋಕೆ ಗೆರೆ ಎಳೆದಿದ್ದರು. ಆ ಗೆರೆ ನಮ್ಮಪ್ಪನ ಗುಂಡಿ ಮೇಲೇ ಹೋಗಿತ್ತು. ಅಡ್ಡಕ್ಕೆ. ಎದೆ ಇರೋ ಜಾಗಕ್ಕೆ ಸರಿಯಾಗಿ. ಅವ್ವ ನಿಲ್ಲಿಸಿದ ಎರಡು ಕಲ್ಲು ಕಿತ್ತು ಪಕ್ಕಕ್ಕೆ ಬಿಸಾಕಿದ್ದರು. ಕಾಲಿಗೆ ಅಡ್ಡ ಬರ್ತವೆ ಅಂತ.

ನಿಂತೆ.

"ಯಾಕ್ಲೇ ನಿಂತೆ? ತುಳ್ಕೊಂಡು ಹೋಗು" ಅಂದರು ಗೌಡರು.

ಒಂದು ಹೆಜ್ಜೆ. ಅಷ್ಟೇ ಅವರು ಕೇಳಿದ್ದು. ನಮ್ಮಪ್ಪನ ಎದೆ ಮೇಲೆ ಒಂದು ಹೆಜ್ಜೆ ಇಟ್ಟರೆ ಮೆರವಣಿಗೆ ಮುಂದಕ್ಕೆ ಹೋಗುತ್ತೆ. ಜನದ ಮಧ್ಯೆ ಅವ್ವ ಕಂಡಳು. ಅವಳು ಕಲ್ಲುಗಳನ್ನ ನೋಡ್ತಿದ್ದಳು.

ಸುಣ್ಣದ ಗೆರೆ ಬಿಟ್ಟು ಎಡಕ್ಕೆ ತಿರುಗಿದೆ.

"ಏಯ್! ಆ ಕಡೆ ಅಲ್ಲಲೇ!"

ಕೇಳಿಸಲಿಲ್ಲ ಅನ್ನೋ ಹಂಗೆ ನಡೆದೆ. ಸುಡುಗಾಡಿನ ಅಂಚು ಹಿಡಿದೆ. ಎಲ್ಲ ಗುಂಡಿಗಳೂ ನನ್ನ ಬಲಕ್ಕೆ ಉಳಿದವು. ಹೊತ್ತೋನ ಹಿಂದೆ ಹೋಗ್ರಿ ಅಂತ ಬ್ಯಾಂಡಿನವರಿಗೆ ಹೇಳಿದ್ದರು. ಪಾಪ, ಅವರು ಬಾರಿಸಿಕೊಂಡು ನನ್ನ ಹಿಂದೆಯೇ ಬಂದರು. ಬ್ಯಾಂಡು ಬಂತಲ್ಲ ಅಂತ ಜನಾನೂ ಬಂದರು. ಕುದುರೆ ಎಳೆಯೋನು ಕುದುರೆನೂ ತಂದ. ಗೌಡರು ಮೇಲಿಂದ "ನಿಲ್ಸೋ, ನಿಲ್ಸೋ" ಅಂತಿದ್ದರು. ಸ್ಯಾಕ್ಸೋಫೋನ್ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಜಾಲಿ ಮುಳ್ಳು ಅಂಗಾಲಿಗೆ ಇಳೀತಿತ್ತು. ಇಳೀಲಿ. ಈಗ ಬೇಕಂತಲೇ ನಿಧಾನ ನಡೆದೆ. ತಲೆ ಎತ್ತಿಕೊಂಡು. ನೀರು ಚೆನ್ನಾಗಿ ಸೋರಲಿ ಅಂತ ಮಂಕ್ರಿ ಒತ್ತಿದೆ. ಹಿಂದಕ್ಕೆ ನೋಡಿದರೆ ಒಣ ನೆಲದ ಮೇಲೆ ಕಪ್ಪಗೆ ತೊಟ್ಟು ತೊಟ್ಟಾಗಿ ಗೆರೆ ಬಿದ್ದಿತ್ತು. ಪೂರ್ತಿ ಸುತ್ತು ಹಾಕಿ, ಗೆರೆಗೆ ಗೆರೆ ಸೇರಿಸಿ, ಒಳಗೆ ಹೋಗಿ ಅಪ್ಪನ ಪಕ್ಕ ಮಂಕ್ರಿ ಇಳಿಸಿದೆ. ಸುಣ್ಣವನ್ನ ಕೈಲಿ ಒರೆಸಿದೆ. ಕಲ್ಲು ಎರಡೂ ತಂದು ನಿಲ್ಲಿಸಿದೆ. ತೊಗಲು ತೆಗೆದು ಗೆರೆಯ ಆಚೆಗೆ, ಮಾರುತೇಶನ ಶೂ ಹತ್ರ ಎಸೆದೆ.

"ಇಳಿಸಿದೆ ಗೌಡ್ರೆ" ಅಂದೆ. "ಇದು ಗಡಿ."

ಬ್ಯಾಂಡು ನಿಂತಿತು.

"ಎಡಿಟ್ ಮಾಡಾಣ ಬಿಡಿ ಮಾಮ" ಅಂದ ಮಾರುತೇಶ್. ನಗೋಕೆ ನೋಡಿದ. ಯಾರೂ ನಗಲಿಲ್ಲ. ಎಲ್ಲರೂ ನೆಲ ನೋಡ್ತಿದ್ದರು. ಮುಂದೆ ಇದ್ದವರು ಆ ಕಪ್ಪು ತೊಟ್ಟುಗಳಿಂದ ಕಾಲು ಹಿಂದಕ್ಕೆ ತಗೊಂಡರು. ಒಬ್ಬ ಚಪ್ಪಲಿ ಬಿಚ್ಚಿದ.

"ಮೇಷ್ಟ್ರೆ, ಏನ್ರಿ ಇದು?" ಅಂದರು ಗೌಡರು.

"ಅದು... ಆ ಪದ್ಧತಿ ಸಾಂಕೇತಿಕ. ಅಂದ್ರೆ, ಇವನು ನಡೆದದ್ದು ಲೆಕ್ಕಕ್ಕಿಲ್ಲ..."

"ಈಗಷ್ಟೆ ಮೈಕ್ನಾಗೆ ಹೇಳಿದ್ರಲ್ಲ ಸಾ, ಸುಳ್ಳಾಗಿಲ್ಲ ಅಂತ" ಅಂದಿತು ಹಿಂದಿನಿಂದ ಯಾವುದೋ ದನಿ.

ಮಾರುತೇಶನಿಗೆ ರೇಗಿತು. "ಏನ್ ಜನ ರೀ ನೀವು! ಮೂಢನಂಬಿಕೆ ಇದೆಲ್ಲ. ಯಾವ ಕಾಲದಾಗಿದೀರಿ? ಸರ್ವೆ ನಂಬರ್ ನಮ್ದು. ನಾನು ದಾಟ್ತೀನಿ ನೋಡ್ರಿ."

ಬೆಳಿಗ್ಗೆಯಿಂದ ಪದ್ಧತಿಯಾಗಿದ್ದು ಈಗ ಮೂಢನಂಬಿಕೆ ಆಯ್ತು. ಅವನು ಕಾಲೆತ್ತಿದ. ಅವನ ಹೆಂಡತಿ ಮೇಘಶ್ರೀ, ಗೌಡರ ಮಗಳು, ತುಂಬು ಬಸುರಿ, ಅವನ ಅಂಗಿ ಹಿಡಿದು ಜಗ್ಗಿದಳು. "ಕಾಲಿಟ್ರೆ ಮುರೀತೀನಿ ನೋಡ್ರಿ. ಹೊಟ್ಟೇಲಿ ಮಗು ಐತೆ." ಎತ್ತಿದ ಶೂ ಎತ್ತಿದ ಜಾಗಕ್ಕೇ ಇಳೀತು.

ಚಂದ್ರಕ್ಕ ಅಷ್ಟೊತ್ತಿಗೆ ಜನ ಸರಿಸಿಕೊಂಡು ಬಂದಿದ್ದಳು. "ಮೂಡ್ಲಗಿರಿ, ದಾಟಬ್ಯಾಡೋ! ಆಣೆ ಇಟ್ಟೋರು ನಮ್ಮೋರೇ ಕಣೋ! ನನ್ ಮನೆ ದೀಪ ಆರಿಸಬ್ಯಾಡ!"

ನನಗೆ ಆ ಶಾಪದ ಮೇಲೆ ಮೂರು ಕಾಸಿನ ನಂಬಿಕೆ ಇಲ್ಲ. ಶಾಪ ತಟ್ಟೋ ಹಂಗಿದ್ದರೆ ಈ ವಂಶ ಏಳು ತಲೆಮಾರು ಎಲ್ಲಿ ಉಳೀತಿತ್ತು? ನಮ್ಮ ಕೈಲಿ ಬಾವಿ ತೋಡಿಸಿ ನಮಗೇ ನೀರು ಕೊಡದ ಗೌಡ ಹಾಸಿಗೆ ಮೇಲೆ ತಣ್ಣಗೆ ಸತ್ತ. ನಮ್ಮ ಹೆಂಗಸರ ಮೇಲೆ ಕೈ ಹಾಕಿದ ಗೌಡನ ಹೆಸರಲ್ಲಿ ಹೈಸ್ಕೂಲು ಐತೆ. ನನಗೆ ನಂಬಿಕೆ ಇಲ್ಲ. ಆದರೆ ಅವರಿಗೈತೆ. ನಮ್ಮನ್ನ ಹೆದರಿಸೋಕೆ ಸಾಕಿದ ದೆವ್ವ, ಸಾಕಿದವರ ಬಾಗಿಲಿಗೇ ಬಂದು ನಿಂತಿತ್ತು.

ಗೌಡರು ಸುತ್ತ ನೋಡಿದರು. ಕಣ್ಣು ಜೆಸಿಬಿ ಮೇಲೆ ನಿಂತಿತು.

"ದುರ್ಗೇಶ, ಬಾರೋ. ಗಾಡಿ ಒಳಕ್ಕೆ ಬಿಡು. ಮಟ್ಟ ಮಾಡು ಇದನ್ನ."

ದುರ್ಗೇಶ್ ಗಾಡಿ ಸ್ಟಾರ್ಟ್ ಮಾಡಿದ. ಹೂವಿನ ಬಕೆಟ್ ಎತ್ತಿಕೊಂಡು ಬಂದ. ಗೆರೆಯ ಹತ್ರ ನಿಲ್ಲಿಸಿದ. ಒಳಗೆ ಅವನ ಅಜ್ಜಿನೂ ಇದಾಳೆ.

"ನಿಂತ್ಯಾಕೆ? ನಿಮಗೇನಾಗುತ್ತೆ? ದಾಟೋ."

ನಿಮಗೇನಾಗುತ್ತೆ. ಗೌಡರು ಹೊಸ ಮಾತು ಆಡಲಿಲ್ಲ. ವಂಶದ ಮಾತೇ ಆಡಿದರು. ಮೊದಲನೇ ಗೌಡ ಕರಿಯನಿಗೆ ಹೇಳಿದ್ದೂ ಇದೇ. ಪುಸ್ತಕ ಸುಳ್ಳಿರಬಹುದು, ವಂಶ ಮಾತ್ರ ಅದೇ. ಅನುಮಾನ ಬ್ಯಾಡ.

ದುರ್ಗೇಶ್ ಇಂಜಿನ್ ಆಫ್ ಮಾಡಿದ. ಮೇಲಿಂದಲೇ ಹೇಳಿದ. "ಊರು ಕಟ್ಟಿದೋರು ನೀವು ಗೌಡ್ರೆ. ಕುದುರೆ ಮೇಲಿದೀರಿ, ಕತ್ತಿ ಐತೆ. ಮುಂದೆ ನೀವು ದಾಟ್ರಿ. ಹಿಂದೆ ನಾನು ಬರ್ತೀನಿ."

ಕೀ ಕಿತ್ತು ಜೇಬಿಗೆ ಹಾಕ್ಕೊಂಡ. ಇಳಿದು ಬಂದ. ಗೆರೆ ಹತ್ರ ಚಪ್ಪಲಿ ಬಿಟ್ಟು, ಒಳಗೆ ಬಂದು ನನ್ನ ಪಕ್ಕ ನಿಂತ. ನಮಗೆ ಗೆರೆ ಯಾಕೆ ತಡೀಬೇಕು? ನಾವು ಕಬಳಿಸೋಕೆ ಬರಲಿಲ್ಲ, ಮನೆಗೆ ಬಂದಂಗೆ ಬಂದ್ವಿ. ಅವ್ವ ಬಂದಳು. ದೊಡ್ಡಪ್ಪ ಮಂಡಿ ಎಳಕೊಂಡು ಬಂದ. ಕೇರಿ ಒಬ್ಬೊಬ್ಬರಾಗಿ ಬಂತು. ಯಾರೂ ಘೋಷಣೆ ಕೂಗಲಿಲ್ಲ. ಬಂದು ತಮ್ಮ ತಮ್ಮ ಗುಂಡಿ ಪಕ್ಕ ಕುಂತ್ಕಂಡರು.

ನಾಳೆ ಸರ್ವೆಯರ್ ಬರ್ತಾನೆ. ನನ್ನ ಮೇಲೆ ಕೇಸಾಗುತ್ತೆ. ಕ್ರಷರಿಗೆ, ಸೆಂಟ್ರಿಂಗಿಗೆ ನಮ್ಮೋರನ್ನ ಕರೆಯಲ್ಲ. ಅಷ್ಟು ತಿಳೀದಷ್ಟು ದಡ್ಡ ನಾನಲ್ಲ. ಸರ್ವೆಯರ್ ಬರ್ಲಿ. ಅಳತೆ ಚೈನು ಹಿಡಿಯೋಕೆ ಮೊದಲು ಗೆರೆ ದಾಟಬೇಕು. ದಾಟೋ ಗಂಡು ಅವರಲ್ಲಿ ಯಾರು ಅಂತ ನೋಡ್ತೀವಿ.

ಗೌಡರು ಕುದುರೆಗೆ ಹಿಮ್ಮಡಿಯಲ್ಲಿ ಒದ್ದರು. ಕುದುರೆ ಎರಡು ಹೆಜ್ಜೆ ಮುಂದೆ ಬಂತು. ಗೆರೆ ಹತ್ರ ಬಂದಾಗ ಗೌಡರೇ ಲಗಾಮು ಜಗ್ಗಿದರು. ಎಲ್ಲರೂ ನೋಡಿದರು, ಜಗ್ಗಿದ್ದು ಅವರೇ. ಕುದುರೆ ಅಲ್ಲ.

ಬಿಸಿಲು ಏರಿತ್ತು. ಪೇಟದ ಕೆಳಗಿಂದ ಬೆವರಿಳಿದು ಮೀಸೆಯ ಕರಿ ಬಣ್ಣ ಗಲ್ಲಕ್ಕೆ ಹರಿದಿತ್ತು. ನೆಂಟರ ಕಾರುಗಳು ಒಂದೊಂದಾಗಿ ಹೊರಟವು.

"ಲೇ, ಯಾರಾದ್ರೂ ಬಂದು ಇಳಿಸ್ರೋ" ಅಂದರು ಗೌಡರು.

ಅವರನ್ನ ಇಳಿಸೋದು, ಹತ್ತಿಸೋದು ಯಾವತ್ತಿಗೂ ನಮ್ಮೋರೇ. ನಮ್ಮೋರು ಒಳಗೆ ಕುಂತಿದ್ದರು. ಯಾರೂ ಏಳಲಿಲ್ಲ.